ಒಂಬತ್ತನೆಯ ಅಧ್ಯಾಯ

ಕುವಾಲ ತೆರೆಂಗಾನು
1866 ಮಾರ್ಚ್ 2

ಸಿಂಗಪುರದ ಕಂಪೊಂಗ್ ಗ್ಲಾಮ್‌ನಲ್ಲಿರುವ ಮುನ್ಷಿ ಯಾಹ್ಯಾ ಅವರಿಗೆ ನೇಯ್ಗೆಯ ಕಲ್ಸೋಮ್ ಮಾಡುವ ಸಲಾಂ.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೆ ನನ್ನ ಗಂಡ, ಎಲ್ಲರೂ ತುವಾನ್ ಎಂದು ಕರೆಯುವ ಇಂಗ್ಲಿಷ್ ಸಾಹೇಬರು ಫೆನ್ವಿಕ್, ಮೆಣಸು ಕೊಳ್ಳಲು ಈ ಊರಿಗೆ ಬಂದು ಇಲ್ಲೇ ನಿಂತ ಕಾಲದಲ್ಲಿ ದಿನಕ್ಕೆ ಹತ್ತು ಸಲ ನಿಮ್ಮ ಹೆಸರು ಹೇಳುತ್ತಿದ್ದರು. "ಈ ಮಾತನ್ನ ಯಾಹ್ಯಾ ಹೀಗೆ ಹೇಳ್ತಾನೆ, ನೀನು ಬೇರೆ ಥರ ಹೇಳ್ತೀಯ. ಯಾವುದು ಸರಿ?" ಎಂದು ಕೇಳುವರು. "ಅವರು ಮಲಾಕದವರು, ಓದಿದೋರ ಮಾತು ಆಡ್ತಾರೆ. ನಂದು ಮೀನು ಮಾರೋರ ಮಾತು. ಎರಡೂ ಬರ್ಕೊಳಿ" ಎನ್ನುತ್ತಿದ್ದೆ. ಆ ಸಲಿಗೆಯಿಂದಲೇ ಈಗ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಮಗಳು ಜಲೇಹಾಳಿಗೆ ಏಳು ತುಂಬಿದಾಗ ಅವಳ ಅಪ್ಪ ಸಿಂಗಪುರದ ಶಾಲೆಗೆ ಸೇರಿಸಿದರು. ಕಡಲು ತೆರೆದಿರುವಷ್ಟು ಕಾಲ, ಅವಳು ಹೇಳಿ ಬರೆಸಿದ ಕಾಗದ ತಿಂಗಳಿಗೊಂದು ತಪ್ಪದೆ ಬರುತ್ತಿತ್ತು. ಹೋದ ವರ್ಷ ಮಾರ್ಚಿನಿಂದ ಒಂದೂ ಇಲ್ಲ. ಅವರೂ ಆಗಲೇ ಇಲ್ಲಿಂದ ಹೊರಟದ್ದು. ನಮ್ಮ ಮನೆಯಲ್ಲಿ ಮಳೆಗಾಲ ಕಳೆದು, "ದೇಶಕ್ಕೆ ಹೋಗಿ, ಈ ನಾಡಿನ ಬಗ್ಗೆ ಬರೆದ ಪುಸ್ತಕ ಅಚ್ಚು ಹಾಕಿಸಿ ಬರ್ತೀನಿ" ಎಂದು ಹಡಗು ಹತ್ತಿದರು. ಅವರ ಸುದ್ದಿಯೂ ಇಲ್ಲ. ನನ್ನ ಅಣ್ಣ ಡೆರಾಮನ್ ತನ್ನ ಹಾಯಿಹಡಗಿನಲ್ಲಿ ಸಿಂಗಪುರಕ್ಕೆ ಬಂದಾಗ ಎರಡು ಸಲ ಅವರ ಕಚೇರಿಯಲ್ಲಿ ಕಾಗದ ಕೊಟ್ಟ. ಉತ್ತರ ಬರಲಿಲ್ಲ.

ಪುಸ್ತಕ ಅಚ್ಚಾಗಿ ಬಂದಿದೆ ಎಂದು ಬಂದರಿನಲ್ಲಿ ಹೇಳಿದರಂತೆ. ನನ್ನ ಹೆಸರು ಹಾಕುತ್ತೇನೆ ಎಂದಿದ್ದರು. ಮಗ್ಗ ನಿಲ್ಲಿಸಿ ನಿಲ್ಲಿಸಿ ಅವರಿಗೆ ಮಾತು ಹೇಳಿಕೊಟ್ಟವಳು ನಾನು. ಹಾಕಿದ್ದಾರೆಯೇ, ನೋಡಿ ತಿಳಿಸಿ. ಮಗಳನ್ನೂ ಒಮ್ಮೆ ಕಂಡು ಬನ್ನಿ.

ಕಲ್ಸೋಮ್


ಸಿಂಗಪುರ
1866 ಮಾರ್ಚ್ 27

ಕಲ್ಸೋಮ್ ಎಂಬ ಹೆಸರಿನಲ್ಲಿ ಬರೆದವರಿಗೆ,

ಕಾಗದ ತಲುಪಿತು. ತುವಾನ್ ಫೆನ್ವಿಕ್ ಹೋದ ಜೂನ್‌ನಲ್ಲಿ ತಮ್ಮ ದೇಶಕ್ಕೆ ಹೋದರು. ಆರೋಗ್ಯ ಸರಿಯಿರಲಿಲ್ಲ. ಯಾವಾಗ ಮರಳುತ್ತಾರೆಂದು ಕಚೇರಿಯವರಿಗೂ ಗೊತ್ತಿಲ್ಲ.

ಪುಸ್ತಕ ನನ್ನ ಬಳಿ ಇದೆ. ಅವರಿಗೆ ನಾನು ನಮ್ಮ ಭಾಷೆ ಕಲಿಸಿದೆ, ಅವರಿಂದ ಇಂಗ್ಲಿಷು ಕಲಿತೆ. ಆದ್ದರಿಂದ ಓದಬಲ್ಲೆ, ನಿಧಾನವಾಗಿ. ತೆರೆಂಗಾನುವಿನ ಮೇಲೆ ನಾಲ್ಕು ಅಧ್ಯಾಯಗಳಿವೆ. ಜರಿ ನೇಯುವ ಹೆಂಗಸರ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದಾರೆ. ಜರಿಯ ಎಳೆ ಮುಟ್ಟುವ ಮುನ್ನ ಅವರು ಮೂರು ದಿನ ಉಪವಾಸವಿರುತ್ತಾರೆ ಎಂದಿದೆ. ಕೃತಜ್ಞತೆಯ ಪುಟದಲ್ಲಿ ಒಂದು ಹೆಸರಿದೆ. 'ಇವರಿಲ್ಲದಿದ್ದರೆ ಈ ಭಾಷೆಯ ಬಾಗಿಲು ನನಗೆ ತೆರೆಯುತ್ತಿರಲಿಲ್ಲ' ಎಂದು ಬರೆದಿದ್ದಾರೆ.

ಶಾಲೆಗೆ ಹೋಗಿದ್ದೆ. ಹುಡುಗಿ ಆರೋಗ್ಯವಾಗಿದ್ದಾಳೆ. ಪ್ರಾರ್ಥನೆಯ ಹೊತ್ತಾದ್ದರಿಂದ ಮಾತಾಡಿಸಲಾಗಲಿಲ್ಲ.

ಒಂದು ವಿಷಯ ಕೇಳಬೇಕಿದೆ. ತುವಾನ್ ನಿಮ್ಮ ಮನೆಯಲ್ಲಿ ಮೊಟ್ಟಮೊದಲು ಬರೆದುಕೊಂಡ ಮಾತು ಯಾವುದು? ನೀವೇ ನೆನಪು ಮಾಡಿಕೊಂಡು ಬರೆಯಿರಿ. ಇನ್ನೊಬ್ಬರನ್ನು ಕೇಳಬೇಡಿ.

ಯಾಹ್ಯಾ


ಕುವಾಲ ತೆರೆಂಗಾನು
1866 ಏಪ್ರಿಲ್ 19

ಮುನ್ಷಿಯವರೇ,

ನಗರದವರ ಕಾಗದ ಹೀಗೆ ಶುರುವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. 'ಕಲ್ಸೋಮ್ ಎಂಬ ಹೆಸರಿನಲ್ಲಿ ಬರೆದವರಿಗೆ'. ಓದಿ ಅತ್ತಿಗೆ ನಕ್ಕಿದ್ದೇ ನಕ್ಕಿದ್ದು. "ಏನೇ, ನೀನು ಕಲ್ಸೋಮ್ ಹೌದೋ ಅಲ್ವೋ ಅಂತ ಮುನ್ಷಿಗೆ ಅನುಮಾನವಂತೆ. ಗಿಲ್ಲಿ ನೋಡ್ಲಾ?" ಎಂದು ಗಿಲ್ಲಿಯೂ ಬಿಟ್ಟಳು.

ನನ್ನ ಹೆಸರು ಹಾಕಿದ್ದಾರೆ ಎಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ, ಆ ದಿನ ಮೂರು ಮನೆಗೆ ಅಂಟಕ್ಕಿ ಸಿಹಿ ಮಾಡಿ ಕಳಿಸಿದೆ. ಬಾಗಿಲಿನ ಮಾತು ಅವರದೇ. ನನಗೂ ಹಾಗೆಯೇ ಹೇಳುತ್ತಿದ್ದರು.

ಉಪವಾಸದ್ದು ಮಾತ್ರ ಸುಳ್ಳು. ಒಂದು ದಿನ ಅಡಿಗೆ ತಡವಾಯಿತು. ಇವರು "ಯಾಕೆ ಇನ್ನೂ ಊಟ ಆಗಿಲ್ಲ?" ಅಂದರು. "ಜರಿ ಮುಟ್ಟೋರು ತಿನ್ನಬಾರದು" ಅಂದೆ ತಮಾಷೆಗೆ. ಬರೆದುಕೊಂಡೇ ಬಿಟ್ಟರು. ಅದನ್ನು ಅಚ್ಚು ಹಾಕಿಸಿದ್ದಾರಾ?

ಮೊದಲ ಮಾತು 'ಮೆರಾಜುಕ್'. ಅವರು ಬಂದ ದಿನ ನಾನು ಅಣ್ಣನ ಮೇಲೆ ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಇವಳಿಗೆ ಏನಾಗಿದೆ ಎಂದು ಅವರು ಕೇಳಿದರು. "ಮೆರಾಜುಕ್" ಎಂದ ಅಣ್ಣ. ನಮ್ಮನ್ನು ಬಂದು ರಮಿಸುತ್ತಾರೆ ಅನ್ನುವ ನಂಬಿಕೆ ಇರುವವರ ಮೇಲೆ ಮಾತ್ರ ಮಾಡುವ ಮುನಿಸು ಎಂದು ನಾನೇ ಬಿಡಿಸಿ ಹೇಳಿದೆ. ಇದನ್ನೇಕೆ ಕೇಳಿದಿರಿ?

ಅಣ್ಣನ ಕೈಲಿ ಮಗಳಿಗೆ ಬಟ್ಟೆ, ಮೀನಿನ ಹಪ್ಪಳ ಕಳಿಸುತ್ತಿದ್ದೇನೆ.

ಕಲ್ಸೋಮ್


ಕುವಾಲ ತೆರೆಂಗಾನು
1866 ಮೇ 12

ಮುನ್ಷಿಯವರೇ,

ಅಣ್ಣ ನಿನ್ನೆ ಬಂದ. ಬಟ್ಟೆಯ ಗಂಟನ್ನು ಹಾಗೆಯೇ ವಾಪಸ್ಸು ತಂದಿದ್ದಾನೆ.

ಶಾಲೆಯ ಬಾಗಿಲ ಕಾವಲುಗಾರ ಬಂಗಾಳದ ಕಡೆಯವನಂತೆ, ಅರ್ಧ ಮಾತು ನಮ್ಮದು, ಅರ್ಧ ಅವನದು. ಅಣ್ಣ ಜಲೇಹಾಳ ಹೆಸರು ಹೇಳಿ, ತಾಯಿ ಕಳಿಸಿದ್ದು ಎಂದನಂತೆ. ಆತ ಒಳಗೆ ಹೋಗಿ ಕೇಳಿಕೊಂಡು ಬಂದು ಗಂಟನ್ನು ಇವನ ಕೈಗೇ ಇಟ್ಟು, "ಹುಡುಗಿ ತಾಯಿ ಸತ್ತು ಹೋಯ್ತು. ಹೋಗು" ಎಂದನಂತೆ.

ಅಣ್ಣನನ್ನು ಕೂರಿಸಿಕೊಂಡು ನೂರು ಸಲ ಕೇಳಿದೆ. "ಹುಡುಗಿಯ ತಾಯಿ ಅಂದನೋ, ಹುಡುಗಿ ಅಂದನೋ? ಸರಿಯಾಗಿ ಹೇಳು." "ಎರಡೂ ಅಂದ ಕಣೆ. ಯಾವುದು ಮೊದಲು ಅಂದ ಅಂತ ಈಗ ನನಗೇ ತಿಳೀತಿಲ್ಲ. ಹುಡುಗಿ ಸತ್ತು ಹೋಯ್ತು, ತಾಯಿಗೆ ಹೇಳು ಅಂದನೇನೋ" ಎಂದು ತಲೆ ಹಿಡಿದುಕೊಂಡು ಕೂತ.

ತಾಯಿ ಎಂದರೆ ನಾನು. ನಾನು ಇಲ್ಲೇ ಇದ್ದೇನೆ. ಹಾಗಾದರೆ ಸತ್ತದ್ದು ಯಾರು?

ನೀವು ಮಾತಾಡಿಸಲಾಗಲಿಲ್ಲ ಎಂದು ಬರೆದಿದ್ದಿರಿ. ನೋಡಿದಿರಾ? ಕಣ್ಣಾರೆ ಕಂಡಿರಾ? ಆರೋಗ್ಯವಾಗಿದ್ದಾಳೆ ಎಂದು ನಿಮಗೆ ಯಾರು ಹೇಳಿದರು? ವರ್ಷದಿಂದ ಕಾಗದ ಬರದಿದ್ದಾಗಲೇ ನನಗೆ ಅರ್ಥವಾಗಬೇಕಿತ್ತು. ಮಗ್ಗದ ಹತ್ತಿರ ಹೋಗಲಿಕ್ಕೆ ಆಗುತ್ತಿಲ್ಲ. ಮುಚ್ಚಿಡಬೇಡಿ. ಅವಳು ಇಲ್ಲ ಎಂದರೆ ಇಲ್ಲ ಎಂದೇ ಬರೆಯಿರಿ.

ಕಲ್ಸೋಮ್


ಸಿಂಗಪುರ
1866 ಜೂನ್ 3

ಅಕ್ಕ ಕಲ್ಸೋಮ್ ಅವರಿಗೆ,

ಎಲ್ಲಕ್ಕಿಂತ ಮೊದಲು ಇದನ್ನು ಓದಿಕೊಳ್ಳಿ. ಜಲೇಹಾ ಬದುಕಿದ್ದಾಳೆ. ನಿಮ್ಮ ಕಾಗದ ಬಂದ ಗಳಿಗೆಯಲ್ಲೇ ಓಡಿ ಹೋಗಿ ಬೇಲಿಯ ಹೊರಗೆ ನಿಂತು ನೋಡಿ ಬಂದೆ. ಬಾವಿಯ ಹತ್ತಿರ ಇನ್ನಿಬ್ಬರು ಹುಡುಗಿಯರ ಜೊತೆ ನಗುತ್ತಾ ಕೂದಲು ಒಣಗಿಸಿಕೊಳ್ಳುತ್ತಿದ್ದಳು.

ಸತ್ತವರು ನೀವು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಹೋದ ವರ್ಷ ಮಾರ್ಚಿನಲ್ಲಿ ತುವಾನ್ ನಿಮ್ಮೂರಿನಿಂದ ಬಂದವರು ನೇರವಾಗಿ ನನ್ನ ಮನೆಗೆ ಬಂದು, ಮೆಟ್ಟಿಲ ಮೇಲೆ ಕುಸಿದು ಕೂತು, "ಯಾಹ್ಯಾ, ಅವಳು ಹೋಗಿಬಿಟ್ಟಳು. ಜ್ವರ ಬಂದಿತ್ತು" ಎಂದರು. ಅತ್ತರು ಅಕ್ಕ. ನಟನೆ ನನಗೆ ಗೊತ್ತಾಗುತ್ತದೆ, ಅದು ನಟನೆಯಲ್ಲ. ನನ್ನ ಹೆಂಡತಿ ಅವರಿಗೆ ನೀರು ಕುಡಿಸಿದಳು. ನಾನು ನಿಮ್ಮ ಹೆಸರಿನಲ್ಲಿ ಮಸೀದಿಯಲ್ಲಿ ಫಾತಿಹಾ ಓದಿಸಿದೆ. ಮಗಳಿಗೂ ಶಾಲೆಯವರಿಗೂ ಅವರೇ ಹೋಗಿ ಹೇಳಿದರು.

ಪುಸ್ತಕದ ಒಂಬತ್ತನೆಯ ಅಧ್ಯಾಯದಲ್ಲಿ ಅದೇ ಇದೆ. 'ಏಳನೆಯ ದಿನ ಬೆಳಕು ಹರಿಯುವಾಗ ಅವಳು ನನ್ನ ಕೈ ಹಿಡಿದುಕೊಂಡೇ ಉಸಿರು ಬಿಟ್ಟಳು. ಮಳೆ ನಿಂತಿರಲಿಲ್ಲ. ಹೊಳೆಯ ದಡದ ಮರದ ಕೆಳಗೆ ನನ್ನ ಕೈಯಾರೆ ಮಣ್ಣು ಹಾಕಿದೆ. ಆ ಭಾಷೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಇನ್ನು ಯಾರೂ ಇಲ್ಲ.'

ಮಾರ್ಚಿನಲ್ಲಿ ನಿಮ್ಮ ಕಾಗದ ಬಂದಾಗ, ಯಾರೋ ನಿಮ್ಮ ಹೆಸರಿನಲ್ಲಿ ಬರೆಯುತ್ತಿದ್ದಾರೆ ಎಂದುಕೊಂಡೆ. ಅದಕ್ಕೇ ಆ ಪ್ರಶ್ನೆ ಹಾಕಿದೆ. ಮೆರಾಜುಕ್ ಎಂಬ ಮಾತನ್ನು ನಿಮ್ಮಿಂದ ಕಲಿತ ಕಥೆಯನ್ನು ಅವರು ನನ್ನೊಬ್ಬನಿಗೇ ಹೇಳಿದ್ದರು. ನಿಮ್ಮ ಉತ್ತರ ಬಂದ ಮೇಲೂ ಮೂರು ವಾರ ಬಾಯಿ ಬಿಡದೆ ಕೂತೆ. ಅದು ನನ್ನ ತಪ್ಪು.

ಇನ್ನೊಂದು. ಕೃತಜ್ಞತೆಯ ಪುಟದಲ್ಲಿರುವುದು ನಿಮ್ಮ ಹೆಸರಲ್ಲ, ನನ್ನದು. ನೀವು ಹಂಚಿದ ಸಿಹಿಯ ಸುದ್ದಿ ಓದಿದ ದಿನವೇ ಇದನ್ನು ಬರೆಯಬೇಕಿತ್ತು.

ಯಾಹ್ಯಾ


ಕುವಾಲ ತೆರೆಂಗಾನು
1866 ಜೂನ್ 25

ಯಾಹ್ಯಾ ಅವರೇ,

ಮಗಳು ಬದುಕಿದ್ದಾಳೆ ಎಂಬ ಸಾಲಿನಲ್ಲೇ ನಿಂತುಬಿಟ್ಟೆ. ಮುಂದಿನದನ್ನು ಮಾರನೆಯ ದಿನ ಓದಿದೆ.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂದದ್ದು ನಿಜ. ಏಳು ದಿನ ಅವರು ಪಕ್ಕ ಬಿಟ್ಟು ಏಳಲಿಲ್ಲ, ಅದೂ ನಿಜ. ಸೂರು ಸೋರುತ್ತಿತ್ತು, ಗಡಿಗೆ ಹಿಡಿದುಕೊಂಡು ಕೂತಿದ್ದರು. ಎಂಟನೆಯ ದಿನ ನಾನು ಗಂಜಿ ಕುಡಿದೆ. ಆಮೇಲೆ ಎರಡು ತಿಂಗಳು ಇದೇ ಮನೆಯಲ್ಲಿ ನನ್ನ ಕೈಯಡಿಗೆ ಉಂಡರು. ಹೊರಡುವ ದಿನ ಹಪ್ಪಳ ಕಟ್ಟಿಕೊಟ್ಟೆ, "ಸಾಕು, ಇನ್ನೂ ಎಷ್ಟು ಹಾಕ್ತೀಯ" ಎಂದರು. ಅದೇ ಹಪ್ಪಳದ ಗಂಟು ಹಿಡಿದುಕೊಂಡು ನಿಮ್ಮ ಮೆಟ್ಟಿಲ ಮೇಲೆ ಕೂತು ಅತ್ತರೇ? ಮೂರು ದಿನದ ಪಯಣದಲ್ಲಿ ನಾನು ಯಾವಾಗ ಸತ್ತೆ?

ಹೆಸರು ಹಿಡಿದು ಕರೆಯುತ್ತಿದ್ದೆನಂತೆ. ನಿಕಾಹ್ ದಿನ ಯೂಸುಫ್ ಎಂದು ಹೆಸರಿಟ್ಟುಕೊಂಡರು. ನಾನು ಒಂದು ದಿನವೂ ಆ ಹೆಸರಾಗಲಿ ಅವರ ಇನ್ನೊಂದು ಹೆಸರಾಗಲಿ ಬಾಯಲ್ಲಿ ತಂದಿಲ್ಲ. ಗಂಡನನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರಾ? ಇದನ್ನು ಓದಿದಾಗ ಅವರು ಬೇರೆ ಯಾರನ್ನೋ ಮಣ್ಣು ಮಾಡಿದ್ದಾರೆ, ಹೆಸರು ಮಾತ್ರ ನನ್ನದು ಅನ್ನಿಸಿತು. ಸಂಜೆಯ ಹೊತ್ತಿಗೆ ಹಾಗೂ ಅನ್ನಿಸಲಿಲ್ಲ. ಹೊಳೆಯ ದಡಕ್ಕೆ ಹೋಗಿ ಆ ಮರವನ್ನೂ ನೋಡಿ ಬಂದೆ. ಯಾಕೆ ಹೋದೆ ಎಂದು ಕೇಳಬೇಡಿ.

ಅತ್ತಿಗೆ ಬೈಯುತ್ತಾಳೆ. "ಬಿಟ್ಟು ಹೋಗೋಕೆ ನಾಚಿಕೆ, ಅದಕ್ಕೇ ಸಾಯಿಸಿ ಹೋದ" ಎನ್ನುತ್ತಾಳೆ. ಇರಬಹುದು. ಆದರೆ ನೀವು ಅವರು ಅತ್ತರು ಎನ್ನುತ್ತೀರಿ.

ಕಾಜಿಯವರ ಬಳಿ ಹೋಗಿ ನಾನು ಬದುಕಿದ್ದೇನೆ ಎಂದು ಬರೆದುಕೊಡಿ ಎಂದೆ. "ನೀನೇ ಎದುರು ನಿಂತಿದ್ದೀಯಲ್ಲಮ್ಮ, ಇನ್ನು ಕಾಗದ ಯಾಕೆ?" ಎಂದರು. ನನ್ನನ್ನು ಎದುರು ನೋಡದವರಿಗೆ ಎಂದೆ. ಬರೆದು ಮೊಹರು ಹಾಕಿಕೊಟ್ಟಿದ್ದಾರೆ.

ನಾನು ಬರುತ್ತೇನೆ. ನೀವು ನನ್ನ ಜೊತೆ ಶಾಲೆಗೆ ಬರಬೇಕು. ಅವರ ಭಾಷೆ ನನಗೆ ಬಾರದು.

ಕಲ್ಸೋಮ್


ಸಿಂಗಪುರ
1866 ಜುಲೈ 16

ಅಕ್ಕ,

ಬೇಗ ಬನ್ನಿ. ಶಾಲೆಯ ದೊಡ್ಡ ಮೇಮ್‌ ಅನ್ನು ಕಂಡೆ. ಹುಡುಗಿಯನ್ನು ದೇಶದಲ್ಲಿರುವ ತಮ್ಮ ತಂಗಿಯ ಮನೆಗೆ ಕಳಿಸಿಕೊಡಿ ಎಂದು ತುವಾನ್ ಆಕೆಗೆ ಬರೆದಿದ್ದಾರೆ. ಸೆಪ್ಟೆಂಬರ್ ಮೊದಲ ವಾರದ ಹಡಗು. ತಾಯಿ ಇದ್ದಾರೆ ಎಂದೆ. ಆಕೆ ಪುಸ್ತಕ ತಂದು ನನ್ನ ಮುಂದಿಟ್ಟು, "ಮುನ್ಷಿ, ಇದರಲ್ಲಿ ನಿಮ್ಮ ಹೆಸರೂ ಇದೆ. ಆಗ ಯಾಕೆ ಸುಮ್ಮನಿದ್ದಿರಿ?" ಎಂದರು. ಹುಡುಗಿಯನ್ನೇ ಕರೆಸಿ ಎಂದೆ.

ಜಲೇಹಾಳನ್ನು ಹೊರಗೆ ಕರೆಸಿದರು. ಅಲ್ಲಿ ಅವಳಿಗೆ ಜೂಲಿಯಾ ಎನ್ನುತ್ತಾರೆ. ನಮ್ಮ ಮಾತು ಅವಳ ನಾಲಿಗೆಯಲ್ಲಿ ತಡವರಿಸುತ್ತದೆ. ನಿನ್ನ ತಾಯಿ ತೆರೆಂಗಾನುವಿನಲ್ಲಿ ಇದ್ದಾರೆ, ನನಗೆ ಕಾಗದ ಬರೆದಿದ್ದಾರೆ ಎಂದೆ. "ಸುಳ್ಳು. ಅಪ್ಪ ಬರೆದಿದ್ದಾರೆ. ನಾನು ಓದಿದ್ದೀನಿ" ಎಂದಳು. ನಿಮ್ಮ ಕಾಗದ ತೋರಿಸಿದೆ. ಆ ಲಿಪಿ ಅವಳಿಗೆ ಈಗ ಓದಲು ಬರುವುದಿಲ್ಲ.

ನೀವು ಬಂದರೆ ಎಲ್ಲ ಸರಿಹೋಗುತ್ತದೆ. ಜೊತೆಗೆ ಖಂಡಿತ ಬರುತ್ತೇನೆ.

ಯಾಹ್ಯಾ


ಕುವಾಲ ತೆರೆಂಗಾನು
1866 ಸೆಪ್ಟೆಂಬರ್ 8

ಮುನ್ಷಿಯವರಿಗೆ,

ನಿಮ್ಮ ಮನೆ ಬಾಗಿಲಿಗೆ ಬಂದಿದ್ದೆ. ಮಲಾಕಕ್ಕೆ ಹೋಗಿದ್ದಾರೆ ಎಂದರು ನಿಮ್ಮ ಹೆಂಡತಿ. ಪಾಪ, ನನ್ನ ಮುಖ ನೋಡದೆ ಹೇಳಿದರು. ನಾನೂ ಹೆಚ್ಚು ಕೇಳಲಿಲ್ಲ. ಏನು ನಡೆಯಿತೆಂದು ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಅಣ್ಣನೊಡನೆ ಶಾಲೆಗೆ ಹೋದೆ. ದೊಡ್ಡ ಮೇಮ್‌ಗೆ ನಮ್ಮ ಮಾತು ಒಂದಿಷ್ಟು ಬರುತ್ತದೆ. ಕಾಜಿಯವರ ಕಾಗದ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಜಲೇಹಾ ಬಂದು ಬಾಗಿಲಲ್ಲೇ ನಿಂತಳು. ಎಷ್ಟು ಎತ್ತರ ಬೆಳೆದಿದ್ದಾಳೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಮೇಮ್‌ಗೆ ಏನೋ ಹೇಳಿದಳು. "ನನ್ನ ತಾಯಿ ಇನ್ನೂ ಎತ್ತರ ಇದ್ದರು ಅಂತಾಳೆ" ಎಂದರು ಮೇಮ್. ಅಪ್ಪಿಕೊಳ್ಳಲು ಎದ್ದವಳು ಹಾಗೇ ಕೂತೆ.

"ನಾನು ಹೇಗೆ ಸತ್ತೆ, ಹೇಳು ಮಗಳೇ" ಎಂದೆ. ಆ ಪುಟ ಪೂರ್ತಿ ಅವಳಿಗೆ ಬಾಯಿಪಾಠ. ನೆಲ ನೋಡುತ್ತಾ, ಸಿಗದ ಮಾತಿಗೆ ಇಂಗ್ಲಿಷು ಹಾಕಿಕೊಂಡು ಹೇಳಿದಳು. ಮಣ್ಣು ಹಾಕುವ ಕಡೆಗೆ ಬಂದಾಗ ತೋಳಿನಿಂದ ಕಣ್ಣು ಒರೆಸಿಕೊಂಡಳು. ನನಗೋ ಅಳು ಬರಲಿಲ್ಲ. ನನ್ನದೇ ಸಾವಿಗೆ ಮಗಳನ್ನು ಸಮಾಧಾನ ಮಾಡಬೇಕಾಗಿ ಬಂತು. "ಆಗ ಮಳೆ ಬಂದದ್ದು ಹೌದು. ಸೂರು ಸೋರ್ತಿತ್ತು. ನಿಮ್ಮಪ್ಪ ಗಡಿಗೆ ಹಿಡಿದು ಕೂತಿದ್ರು. ಆಮೇಲೆ ನನಗೆ ವಾಸಿಯಾಯ್ತು. ಅಷ್ಟೇ" ಎಂದೆ.

"ಹಾಗಾದ್ರೆ ಅಪ್ಪ ಯಾಕೆ ಅತ್ತರು?" ಎಂದಳು.

ಗೊತ್ತಿಲ್ಲ ಎಂದೆ.

ಮೇಮ್ ಕಾಜಿಯವರ ಕಾಗದ ಮಡಿಸಿ ನನ್ನ ಕೈಗೆ ಕೊಟ್ಟರು. "ತಾಯಿಯಿಲ್ಲದ ಮಗು ಅಂತ ಇಟ್ಟುಕೊಂಡೆ. ತಾಯಿ ಇದ್ದಾಳೆ ಅಂದಮೇಲೆ ಬಲವಂತವಾಗಿ ಹಡಗು ಹತ್ತಿಸಲಾರೆ, ಬಲವಂತವಾಗಿ ನಿಮ್ಮ ಕೈಗೂ ಕೊಡಲಾರೆ. ಅವಳೇ ಹೇಳಲಿ" ಎಂದರು. ಜಲೇಹಾ ಮೂರು ದಿನ ಬೇಕು ಎಂದಳು. ಮೂರು ದಿನವೂ ಶಾಲೆಯ ಎದುರಿನ ಬಾದಾಮಿ ಮರದ ಕೆಳಗೆ ಕೂತೆ. ಅವಳು ಕಿಟಕಿಯಿಂದ ನೋಡುವುದು, ನಾನು ತಲೆಯೆತ್ತಿದರೆ ಒಳಗೆ ಹೋಗುವುದು. ಅಣ್ಣ, "ಹಡಗಲ್ಲಿ ಸರಕು ಹಾಳಾಗ್ತಿದೆ, ನಡಿಯೇ" ಎನ್ನುತ್ತಲೇ ಪಕ್ಕದಲ್ಲಿ ಕೂತಿರುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದಳು. "ಬಂದು ನೋಡ್ತೀನಿ. ನೀವು ಅವರು ಹೌದೋ ಅಲ್ವೋ ಅಂತ ನೋಡ್ತೀನಿ. ಅಲ್ಲ ಅಂದ್ರೆ ವಾಪಸ್ ಬರ್ತೀನಿ" ಎಂದಳು. ಆಗಲಿ ಎಂದೆ.

ಈಗ ಇಲ್ಲಿದ್ದಾಳೆ. ಪುಸ್ತಕವನ್ನೂ ತಂದಿದ್ದಾಳೆ. ಮನೆ, ಮಗ್ಗ, ಹೊಳೆ ಎಲ್ಲವನ್ನೂ ಅದರಲ್ಲಿ ಬರೆದಂತೆ ಇದೆಯೇ ಎಂದು ಹೋಲಿಸಿ ನೋಡುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. "ಕೇಳಿ" ಎನ್ನುತ್ತಾಳೆ.

ಕಲ್ಸೋಮ್


ಸಿಂಗಪುರ
1866 ಸೆಪ್ಟೆಂಬರ್ 30

ಅಕ್ಕ,

ನಾನು ಮಲಾಕಕ್ಕೆ ಹೋಗಿರಲಿಲ್ಲ. ಒಳಕೋಣೆಯಲ್ಲಿದ್ದೆ. ನೀವು ನನ್ನ ಹೆಂಡತಿಯೊಡನೆ ಮಾತಾಡಿದ್ದೆಲ್ಲ ಕೇಳಿಸಿತು. ಆ ಪುಸ್ತಕದಿಂದ ನನಗೆ ಈ ಊರಿನಲ್ಲಿ ಹೆಸರು ಬಂದಿದೆ, ಸಾಹೇಬರುಗಳು ಮನೆಗೆ ಕರೆಸುತ್ತಾರೆ. ಅದು ಹೋದೀತೆಂಬ ಭಯ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಗಿಲು ತೆರೆಯದಂತೆ ನನ್ನನ್ನು ಹಿಡಿದದ್ದು ಅದೊಂದೇ ಅಲ್ಲ. ಯಾರ ಆತ್ಮಕ್ಕೆ ಶಾಂತಿ ಕೋರಿ ಫಾತಿಹಾ ಓದಿಸಿದ್ದೆನೋ ಅವರ ದನಿ ನನ್ನ ಮೆಟ್ಟಿಲ ಮೇಲೆ ಕೇಳಿದಾಗ ಒಳಗೆ ಕೂತು ಮತ್ತೆ ಅದನ್ನೇ ಓದತೊಡಗಿದೆ. ಕ್ಷಮೆ ಕೇಳುವ ಯೋಗ್ಯತೆ ಇಲ್ಲ, ಆದರೂ ಕೇಳುತ್ತೇನೆ.

ಮೊನ್ನೆ ತುವಾನ್ ಅವರಿಂದ ಕಾಗದ ಬಂದಿದೆ. ಜುಲೈನಲ್ಲಿ ಬರೆದದ್ದು. ಮಗಳು ಬರುವುದನ್ನೇ ಕಾಯುತ್ತಿದ್ದಾರೆ, ಅವಳಿಗೆಂದು ತೋಟದ ಕಡೆಯ ಕೋಣೆ ಸಿದ್ಧ ಮಾಡಿಸಿದ್ದಾರೆ. ಕೊನೆಯಲ್ಲಿ ಹೀಗಿದೆ: 'ತೆರೆಂಗಾನುವಿನ ಕಡೆ ಹೋಗುವವರು ಯಾರಾದರೂ ಸಿಕ್ಕರೆ ವಿಚಾರಿಸು, ಯಾಹ್ಯಾ. ಅವಳ ಗೋರಿಯನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ? ಮಳೆಗೆ ಮಣ್ಣು ಕುಸಿದಿರಬಹುದು.'

ಇದನ್ನು ಬೇರೆಯವರು ಓದಲಿ ಎಂದು ಬರೆದದ್ದಲ್ಲ. ನನ್ನೊಬ್ಬನಿಗೇ ಬರೆದದ್ದು. ನನಗೆ ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೇನು? ಹನ್ನೆರಡು ವರ್ಷ ಅವರ ಜೊತೆ ಕೂತು ಒಂದೊಂದು ಶಬ್ದದ ಅರ್ಥ ಬಿಡಿಸಿದವನು ನಾನು, ಈ ನಾಲ್ಕು ಸಾಲಿನ ಅರ್ಥ ಬಿಡಿಸಲಾರೆ. ಏನೆಂದು ಉತ್ತರ ಬರೆಯಲಿ, ನೀವೇ ಹೇಳಿ.

ಯಾಹ್ಯಾ


ಕುವಾಲ ತೆರೆಂಗಾನು
1866 ಅಕ್ಟೋಬರ್ 20

ತಮ್ಮ ಯಾಹ್ಯಾನಿಗೆ,

ನೀನು ಮನೆಯಲ್ಲೇ ಇದ್ದೀಯ ಎಂದು ಆಗಲೇ ಗೊತ್ತಾಗಿತ್ತು. ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇತ್ತು. ಸಿಟ್ಟಿತ್ತು, ಈಗ ಅಷ್ಟಿಲ್ಲ. ನನಗೇ ನನ್ನ ಮುಖ ಕನ್ನಡಿಯಲ್ಲಿ ನೋಡಲು ಕೆಲವು ದಿನ ಅಂಜಿಕೆಯಾಗಿತ್ತು. ಇನ್ನು ನಿನ್ನದೇನು.

ನಿನ್ನ ಕಾಗದವನ್ನು ಜಲೇಹಾಳಿಗೆ ಓದಿ ಹೇಳಿದೆ. ಗೋರಿಯ ಸಾಲನ್ನು ಎರಡು ಸಲ ಓದಿಸಿದಳು. ಅಂದು ಮಧ್ಯಾಹ್ನ ಒಬ್ಬಳೇ ಹೊಳೆಯ ಕಡೆ ಹೋಗಿ ಬಂದಳು. "ಅಲ್ಲಿ ಏನೂ ಇಲ್ಲ" ಎಂದಳು. "ಇಲ್ಲ" ಎಂದೆ. "ಆದರೆ ಅವರಿಗೆ ಇದೆ" ಎಂದಳು. ಈ ಮಾತನ್ನು ನಾನು ಇಷ್ಟು ದಿನ ಹುಡುಕುತ್ತಿದ್ದೆನೇನೋ, ಅಥವಾ ಅದೂ ಸರಿಯಲ್ಲವೇನೋ. ನನ್ನ ಸಿಟ್ಟು ಅವರ ಮೇಲೆ ಇಡೀ ದಿನ ನಿಲ್ಲುವುದಿಲ್ಲ. ಬೆಳಿಗ್ಗೆ ಇರುತ್ತದೆ, ಊಟದ ಹೊತ್ತಿಗೆ ಅವರಿಗೆ ತಲೆ ಕೆಟ್ಟಿದೆಯೇ, ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚನೆ ಹತ್ತುತ್ತದೆ.

ನೀನು ಉತ್ತರ ಬರೆಯಬೇಡ. ಅವಳೇ ಬರೆದಿದ್ದಾಳೆ, ಇಂಗ್ಲಿಷಿನಲ್ಲಿ, ಎರಡು ಹಾಳೆ. ಅಂಟು ಹಾಕಿ ಮುಚ್ಚಿ ಕೊಟ್ಟಳು. ಏನು ಬರೆದೆ ಎಂದೆ. "ಅಪ್ಪನಿಗೆ" ಎಂದಳು, ಅಷ್ಟೇ. ಅದರಲ್ಲಿ ನಾನು ಬದುಕಿದ್ದೇನೋ ಸತ್ತಿದ್ದೇನೋ ನನಗೆ ತಿಳಿಯದು. ನೀನು ಒಡೆದು ಓದಬೇಡ. ಓದಿದರೂ ನನಗೆ ಹೇಳಬೇಡ. ಹಾಗೆಯೇ ಹಡಗಿಗೆ ಹಾಕು. ಅಣ್ಣನದು ಇದೇ ಕೊನೆಯ ಹಾಯಿ, ಇನ್ನು ಮಾರ್ಚಿನವರೆಗೆ ಕಡಲು ಮುಚ್ಚುತ್ತದೆ.

ಅವಳು ವಾಪಸ್ಸು ಹೋಗುವ ಮಾತೆತ್ತಿಲ್ಲ. ಇರುವ ಮಾತೂ ಎತ್ತಿಲ್ಲ. ಅಣ್ಣನ ಹಡಗಿಗೆ ನೀರು ತುಂಬುವುದನ್ನು ಮೂರು ದಿನದಿಂದ ನೋಡುತ್ತಿದ್ದಾಳೆ. ನಾನೂ ಕೇಳಿಲ್ಲ.

ಇವತ್ತು ಬೆಳಿಗ್ಗೆ ನಾನು ಮಗ್ಗದಲ್ಲಿ ಕೂತು ಕಡಿದ ಎಳೆ ಹುಡುಕುತ್ತಿದ್ದೆ. ಅಡಿಗೆಮನೆಯಿಂದ ಕೂಗಿದಳು, "ಅಮ್ಮಾ, ಅನ್ನ ಸೀದು ಹೋಗ್ತಿದೆ." ನಾನು ಕೇಳಿಸದವಳಂತೆ ಕೂತೆ. ಇನ್ನೊಂದು ಸಲ ಕೂಗಿದಳು, ಈ ಸಲ ರೇಗಿಕೊಂಡು. ಎದ್ದು ಹೋಗುವಷ್ಟರಲ್ಲಿ ತಳ ಪೂರ್ತಿ ಕರಿಯಾಗಿತ್ತು. ಮೇಲಿನದನ್ನು ಬಳಿದು ಇಬ್ಬರೂ ಉಂಡೆವು.

ಕಲ್ಸೋಮ್